ಮನೆ ದಿನಸಿಗೆ ಯಾವ ಕ್ರೆಡಿಟ್ ಕಾರ್ಡ್? ಮೊದಲು ಬಿಲ್ಲು ಬಿಡಿಸಿ ನೋಡಿ

ಪ್ರಶ್ನೆ: ಬೆಂಗಳೂರಿನ ವಿಜಯನಗರದಲ್ಲಿದ್ದೇವೆ. ಮನೆಯಲ್ಲಿ ಐದು ಜನ. ದಿನಸಿ, ತರಕಾರಿ, ಹಾಲು ಎಲ್ಲ ಸೇರಿ ತಿಂಗಳಿಗೆ ಸುಮಾರು ₹15,000 ಆಗುತ್ತದೆ. ಇದರಲ್ಲಿ ಸೂಪರ್‌ಮಾರ್ಕೆಟ್‌ಗೆ ₹6,000, ಮನೆಗೆ ತಂದುಕೊಡುವ ಆ್ಯಪ್‌ಗಳಿಗೆ ₹3,000, ಬೀದಿ ಕೊನೆಯ ಕಿರಾಣಿ ಅಂಗಡಿಗೆ ₹3,000, ಹಾಲು ತರಕಾರಿಗೆ ₹3,000. ಇದುವರೆಗೆ ಕ್ರೆಡಿಟ್ ಕಾರ್ಡ್ ಇಟ್ಟುಕೊಂಡಿಲ್ಲ. ದಿನಸಿಗೆಂದೇ ಒಂದು ತೆಗೆದುಕೊಳ್ಳುವುದಾದರೆ ಯಾವುದು ಒಳ್ಳೆಯದು? ನಿಜಕ್ಕೂ ಎಷ್ಟು ಉಳಿಯುತ್ತದೆ?

ಉತ್ತರ: ಖರ್ಚನ್ನು ನಾಲ್ಕು ಭಾಗ ಮಾಡಿ ಬರೆದಿದ್ದೀರಿ. ಅರ್ಧ ಕೆಲಸ ಅಲ್ಲೇ ಮುಗಿದಿದೆ, ಏಕೆಂದರೆ ಬ್ಯಾಂಕಿನ ಲೆಕ್ಕದಲ್ಲೂ ಇದು ನಾಲ್ಕು ಬೇರೆ ಬೇರೆ ಖರ್ಚು. ಅದೇ ತೊಗರಿಬೇಳೆ, ಅದೇ ಎಣ್ಣೆ. ಆದರೆ ಹಣ ಸೂಪರ್‌ಮಾರ್ಕೆಟ್ ಮೆಷಿನ್ನಿನ ಮೂಲಕ ಹೋಯಿತೋ, ಆ್ಯಪ್‌ನಲ್ಲಿ ಹೋಯಿತೋ, ಕ್ಯೂಆರ್ ಸ್ಕ್ಯಾನ್ ಮಾಡಿ ಹೋಯಿತೋ ಎಂಬುದರ ಮೇಲೆ ನಿಮಗೆ ವಾಪಸ್ ಬರುವುದು ಶೇ 10 ಆಗಬಹುದು, ಶೇ 1 ಆಗಬಹುದು, ಸೊನ್ನೆಯೂ ಆಗಬಹುದು. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿರುವ ಶೇಕಡಾವಾರು ನೋಡಿ ಕಾರ್ಡ್ ತೆಗೆದುಕೊಂಡವರು ಮೋಸ ಹೋದೆವು ಅಂದುಕೊಳ್ಳುವುದು ಇಲ್ಲೇ. ಬ್ಯಾಂಕ್ ಸುಳ್ಳು ಹೇಳಿರುವುದಿಲ್ಲ, ಅವರ ಖರ್ಚಿನ ದಾರಿಯೇ ಬೇರೆಯಾಗಿರುತ್ತದೆ.

ಬ್ಯಾಂಕಿಗೆ ನೀವು ಏನು ಕೊಂಡಿರಿ ಎಂಬುದು ಗೊತ್ತಾಗುವುದಿಲ್ಲ. ಗೊತ್ತಾಗುವುದು ಅಂಗಡಿಗೆ ಅಂಟಿಸಿರುವ ನಾಲ್ಕಂಕಿಯ ವರ್ಗಸಂಖ್ಯೆ ಮಾತ್ರ. ಇದನ್ನು ಎಂಸಿಸಿ ಅನ್ನುತ್ತಾರೆ. ದಿನಸಿ ಅಂಗಡಿ ಮತ್ತು ಸೂಪರ್‌ಮಾರ್ಕೆಟ್‌ಗೆ 5411, ಡಿಪಾರ್ಟ್‌ಮೆಂಟ್ ಸ್ಟೋರ್‌ಗೆ 5311, ಇತರ ಆಹಾರ ಮಳಿಗೆಗಳಿಗೆ 5499, ಹಾಲಿನ ಅಂಗಡಿಗೆ 5451, ಬೇಕರಿಗೆ 5462, ಔಷಧಿ ಅಂಗಡಿಗೆ 5912. ಈ ಸಂಖ್ಯೆಯನ್ನು ಅಂಗಡಿಯವರಿಗೆ ಸ್ವೈಪ್ ಮೆಷಿನ್ ಅಥವಾ ಕ್ಯೂಆರ್ ಕೊಟ್ಟ ಬ್ಯಾಂಕೋ ಪೇಮೆಂಟ್ ಕಂಪನಿಯೋ ಖಾತೆ ತೆರೆಯುವಾಗಲೇ ಹಾಕಿರುತ್ತದೆ. ಬೋರ್ಡಿನ ಮೇಲೆ ಏನು ಬರೆದಿದೆ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಮಾಲ್‌ನೊಳಗಿನ ದೊಡ್ಡ ಮಳಿಗೆಯಲ್ಲಿ ಅಕ್ಕಿಯ ಜೊತೆ ಪಾತ್ರೆ, ಬಟ್ಟೆ, ಮಿಕ್ಸಿ ಕೂಡ ಮಾರುತ್ತಿದ್ದರೆ ಅದು 5311 ಆಗಿರುವ ಸಾಧ್ಯತೆ ಇದೆ. ಆಗ ‘ಗ್ರಾಸರಿ’ಗೆ ಮಾತ್ರ ಕ್ಯಾಶ್‌ಬ್ಯಾಕ್ ಕೊಡುವ ಕಾರ್ಡ್ ಅಲ್ಲಿ ಕೊಂಡ ಅಕ್ಕಿಗೂ ಕೊಡುವುದಿಲ್ಲ.

ಹಾಗಾಗಿ ಯಾವುದೇ ಕಾರ್ಡ್ ಕೈಗೆ ಬಂದ ಮೇಲೆ ಮೊದಲ ತಿಂಗಳು ದೊಡ್ಡ ಬಿಲ್ಲು ಹಾಕಬೇಡಿ. ನೀವು ಹೋಗುವ ಪ್ರತಿ ಜಾಗದಲ್ಲೂ ₹200–300ರ ಒಂದೊಂದು ಬಿಲ್ಲು ಮಾಡಿ. ಎರಡು ಮೂರು ದಿನದಲ್ಲಿ ವ್ಯವಹಾರ ಸೆಟಲ್ ಆದ ಮೇಲೆ ಬ್ಯಾಂಕಿನ ಆ್ಯಪ್‌ನಲ್ಲಿ ಅದರ ವರ್ಗ ಏನೆಂದು ತೋರಿಸುತ್ತದೆ ನೋಡಿ. ಅದಕ್ಕಿಂತ ಖಚಿತವಾದುದು ತಿಂಗಳ ಸ್ಟೇಟ್‌ಮೆಂಟ್. ಯಾವ ಅಂಗಡಿಯ ಬಿಲ್ಲಿಗೆ ಎಷ್ಟು ಬಂತು ಎಂದು ಲೆಕ್ಕ ಹಾಕಿದರೆ ಯಾವ ಅಂಗಡಿ ಯಾವ ಗುಂಪಿನಲ್ಲಿದೆ ಎಂಬುದು ತಿಳಿಯುತ್ತದೆ. ಒಂದೇ ಹೆಸರಿನ ಸರಣಿ ಮಳಿಗೆಯ ಎರಡು ಶಾಖೆಗಳಲ್ಲಿ ಬೇರೆ ಬೇರೆ ಬ್ಯಾಂಕಿನ ಮೆಷಿನ್ ಇದ್ದರೆ ಅವೆರಡೂ ಬೇರೆ ವರ್ಗದಲ್ಲಿರಬಹುದು, ಅದನ್ನೂ ಗಮನಿಸಿ.

ಇನ್ನು ಪಾಯಿಂಟ್‌ಗಳ ವಿಷಯ. ‘ದಿನಸಿಗೆ 10 ಪಟ್ಟು ರಿವಾರ್ಡ್’ ಎಂಬ ಮಾತು ಕೇಳಿರುತ್ತೀರಿ. ಒಂದು ಪಾಯಿಂಟ್‌ಗೆ ಎಷ್ಟು ಪೈಸೆ ಎಂದು ಕೇಳದೆ ಈ ಮಾತಿಗೆ ಅರ್ಥವಿಲ್ಲ. ಎಸ್‌ಬಿಐನ ಸಿಂಪ್ಲಿಸೇವ್ ಕಾರ್ಡನ್ನೇ ತೆಗೆದುಕೊಳ್ಳಿ. ಹೋಟೆಲ್, ಸಿನಿಮಾ, ಡಿಪಾರ್ಟ್‌ಮೆಂಟ್ ಸ್ಟೋರ್ ಮತ್ತು ದಿನಸಿಗೆ ಪ್ರತಿ ₹150ಕ್ಕೆ 10 ಪಾಯಿಂಟ್. ನಾಲ್ಕು ಪಾಯಿಂಟ್‌ಗೆ ಒಂದು ರೂಪಾಯಿ. ಅಂದರೆ ₹150ಕ್ಕೆ ₹2.50, ಶೇ 1.67. ಕೆಟ್ಟ ಕಾರ್ಡೇನಲ್ಲ, 5311 ಮತ್ತು 5411ರ ಗೊಂದಲ ಇದರಲ್ಲಿ ಇಲ್ಲ ಎಂಬುದೇ ದೊಡ್ಡ ಅನುಕೂಲ. ಆದರೆ ಹತ್ತು ಪಟ್ಟು ಎಂದು ಕೇಳಿದಾಗ ಮನಸ್ಸಿಗೆ ಬರುವ ಮೊತ್ತ ಇದಲ್ಲ.

ಈ ‘ಪ್ರತಿ ₹150ಕ್ಕೆ’ ಎಂಬ ಮಾತು ದಿನಸಿ ಖರೀದಿಯಲ್ಲಿ ಬೇರೆಲ್ಲ ಖರೀದಿಗಿಂತ ಹೆಚ್ಚು ತಟ್ಟುತ್ತದೆ. ವಿಮಾನದ ಟಿಕೆಟ್ ಕೊಳ್ಳುವವರಿಗೆ ಕೊನೆಯ ₹100 ಬಿಟ್ಟುಹೋದರೆ ನಷ್ಟವಿಲ್ಲ. ದಿನಸಿಯಲ್ಲಿ ಬಿಲ್ಲುಗಳೇ ಚಿಕ್ಕವು. ₹140ರ ಬಿಲ್ಲಿಗೆ ಒಂದು ಪಾಯಿಂಟೂ ಇಲ್ಲ. ₹290ರ ಬಿಲ್ಲಿಗೆ ₹150ರ ಲೆಕ್ಕ ಮಾತ್ರ. ₹140ರಂತೆ ಹತ್ತು ಸಲ ಕೊಂಡರೆ ₹1,400ಕ್ಕೆ ಸೊನ್ನೆ. ಅದೇ ₹1,400ನ್ನು ಒಂದೇ ಬಿಲ್ಲಿನಲ್ಲಿ ಕಟ್ಟಿದರೆ ₹150ರ 9 ಪಾಲು, 90 ಪಾಯಿಂಟ್. ದಿನಾ ಬ್ರೆಡ್ಡು, ಮೊಸರು, ಕೊತ್ತಂಬರಿ ಎಂದು ಬಿಡಿಬಿಡಿಯಾಗಿ ತರುವ ಮನೆಗೆ ಪಾಯಿಂಟ್ ಕಾರ್ಡಿಗಿಂತ ನೇರ ಶೇಕಡಾವಾರು ಕ್ಯಾಶ್‌ಬ್ಯಾಕ್ ಕೊಡುವ ಕಾರ್ಡೇ ಸರಿ.

ಮೂರನೆಯದು ಮಿತಿ. ದಿನಸಿ ವ್ಯಾಪಾರದಲ್ಲಿ ಲಾಭದ ಅಂಚು ತೆಳು. ಕಾರ್ಡ್ ಕಂಪನಿ ನಿಮಗೆ ಕೊಡುವ ಕ್ಯಾಶ್‌ಬ್ಯಾಕ್ ಬಹುಪಾಲು ಅಂಗಡಿಯವರು ಕಟ್ಟುವ ಶುಲ್ಕದಿಂದ ಬರುತ್ತದೆ. ಆ ಶುಲ್ಕಕ್ಕಿಂತ ಹೆಚ್ಚು ವಾಪಸ್ ಕೊಡುವ ಬ್ಯಾಂಕ್ ಎಲ್ಲಾದರೂ ಒಂದು ಕಡೆ ಗೆರೆ ಎಳೆಯಲೇಬೇಕು. ಎಚ್‌ಡಿಎಫ್‌ಸಿ ಬ್ಯಾಂಕ್ 2023ರ ಜನವರಿ 1ರಿಂದ ದಿನಸಿಗೆ ಸಿಗುವ ಪಾಯಿಂಟ್‌ಗೆ ತಿಂಗಳ ಮಿತಿ ಹಾಕಿತು: ದುಬಾರಿ ಕಾರ್ಡ್‌ಗಳಿಗೆ 2,000, ಉಳಿದವಕ್ಕೆ 1,000. ನಿಮ್ಮ ₹15,000ದ ಮನೆಗೆ ಈ ಮಿತಿ ತಟ್ಟುವುದಿಲ್ಲ, ಆದರೆ ಮಿತಿಯನ್ನು ಓದುವ ಅಭ್ಯಾಸ ಇರಲಿ. ಮಿತಿಯ ಲೆಕ್ಕ ಹಲವು ಕಾರ್ಡ್‌ಗಳಲ್ಲಿ 1ನೇ ತಾರೀಖಿನಿಂದ 30ರವರೆಗೆ ಅಲ್ಲ, ಒಂದು ಸ್ಟೇಟ್‌ಮೆಂಟ್‌ನಿಂದ ಮುಂದಿನ ಸ್ಟೇಟ್‌ಮೆಂಟ್‌ವರೆಗೆ. ಹಬ್ಬದ ಸಾಮಾನು ತರುವಾಗ ಇದು ಮುಖ್ಯ. ಗೌರಿ ಗಣೇಶಕ್ಕೆ ದೊಡ್ಡ ಬಿಲ್ಲಾಗುವುದಿದ್ದರೆ ಅರ್ಧ ಬಿಲ್ಲಿಂಗ್ ತಾರೀಖಿನ (ಸ್ಟೇಟ್‌ಮೆಂಟ್ ತಯಾರಾಗುವ ದಿನ) ಮೊದಲು, ಅರ್ಧ ಆಮೇಲೆ ತಂದರೆ ಎರಡು ಮಿತಿಗಳೂ ಸಿಗುತ್ತವೆ.

ಈಗ ಬೀದಿ ಕೊನೆಯ ಅಂಗಡಿ. ಅಲ್ಲಿ ಸ್ವೈಪ್ ಮೆಷಿನ್ ಇರುವುದಿಲ್ಲ, ಕ್ಯೂಆರ್ ಇರುತ್ತದೆ. ಯುಪಿಐಗೆ ಜೋಡಿಸಿ ಹಣ ಕಟ್ಟಲು ಬರುವುದು ರುಪೇ ಕ್ರೆಡಿಟ್ ಕಾರ್ಡ್ ಮಾತ್ರ. ವೀಸಾ, ಮಾಸ್ಟರ್‌ಕಾರ್ಡ್‌ಗೆ ಈ ಸೌಲಭ್ಯ ಇಲ್ಲ. 2022ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ಇದಕ್ಕೆ ಒಪ್ಪಿಗೆ ಕೊಟ್ಟಿತು, ಸೆಪ್ಟೆಂಬರ್‌ನಲ್ಲಿ ಶುರುವಾಯಿತು. ಜೋಡಿಸುವುದು ಸುಲಭ: ಯುಪಿಐ ಆ್ಯಪ್‌ನಲ್ಲಿ ರುಪೇ ಕ್ರೆಡಿಟ್ ಕಾರ್ಡ್ ಸೇರಿಸಿ ಎಂಬ ಆಯ್ಕೆ ಒತ್ತಿ, ಬ್ಯಾಂಕ್ ಆರಿಸಿ, ಕಾರ್ಡಿನ ಕೊನೆಯ 6 ಅಂಕಿ ಮತ್ತು ಅವಧಿ ಮುಗಿಯುವ ತಿಂಗಳು ಕೊಟ್ಟು, ಒಟಿಪಿ ಹಾಕಿ, ಹೊಸ ಯುಪಿಐ ಪಿನ್ ಇಟ್ಟುಕೊಳ್ಳುವುದು. ಒಂದು ತೊಡಕಿದೆ. ಕಾರ್ಡಿಗೆ ನೋಂದಾಯಿಸಿದ ಮೊಬೈಲ್ ನಂಬರ್ ಇರುವ ಫೋನಿನಿಂದಲೇ ಇದನ್ನು ಮಾಡಬೇಕು. ಮನೆಯಲ್ಲಿ ಅಂಗಡಿಗೆ ಹೋಗುವವರು ಒಬ್ಬರು, ಕಾರ್ಡ್ ಇರುವುದು ಇನ್ನೊಬ್ಬರ ಹೆಸರಲ್ಲಿ ಎಂದಾದರೆ ಆ ಕಾರ್ಡ್ ಕಿರಾಣಿ ಅಂಗಡಿಯಲ್ಲಿ ಕೆಲಸಕ್ಕೆ ಬರುವುದಿಲ್ಲ. ಯಾರು ಹೆಚ್ಚು ಸಲ ಅಂಗಡಿಗೆ ಹೋಗುತ್ತಾರೋ ಅವರ ಹೆಸರಲ್ಲೇ ಕಾರ್ಡ್ ತೆಗೆಸಿ. ಆದಾಯದ ದಾಖಲೆಯ ಕಾರಣಕ್ಕೆ ಆಗದಿದ್ದರೆ ಮಾತ್ರ ಬೇರೆ ದಾರಿ ನೋಡಿ.

ಸ್ಕ್ಯಾನ್ ಮಾಡಿದಾಗ ‘ಈ ವ್ಯಾಪಾರಿ ಕ್ರೆಡಿಟ್ ಕಾರ್ಡ್ ಸ್ವೀಕರಿಸುವುದಿಲ್ಲ’ ಎಂದು ಬಂದರೆ ಕಾರ್ಡಿನದು ತಪ್ಪಲ್ಲ. ಅಂಗಡಿಯವರು ಸ್ವಂತ ಖಾತೆಯ ವೈಯಕ್ತಿಕ ಕ್ಯೂಆರ್ ಅಂಟಿಸಿರುತ್ತಾರೆ. ಅದಕ್ಕೆ ಕ್ರೆಡಿಟ್ ಕಾರ್ಡಿನಿಂದ ಹಣ ಹೋಗುವಂತಿಲ್ಲ. ಇಲ್ಲವೇ ವ್ಯಾಪಾರಿ ಕ್ಯೂಆರ್ ಇದ್ದರೂ ಕ್ರೆಡಿಟ್ ಸ್ವೀಕಾರವನ್ನು ಅವರೇ ನಿಲ್ಲಿಸಿರುತ್ತಾರೆ. ಅದಕ್ಕೆ ಕಾರಣವೂ ಇದೆ. ಸಣ್ಣ ವ್ಯಾಪಾರಿಗೆ ₹2,000ವರೆಗಿನ ರುಪೇ ಕ್ರೆಡಿಟ್ ಯುಪಿಐ ವ್ಯವಹಾರಕ್ಕೆ ಶುಲ್ಕ ಇಲ್ಲ. ₹2,000 ದಾಟಿದರೆ ಕ್ರೆಡಿಟ್ ಕಾರ್ಡಿನ ಶುಲ್ಕ ಬೀಳುತ್ತದೆ. ಸಕ್ಕರೆ, ಎಣ್ಣೆಯಲ್ಲಿ ಅವರಿಗೆ ಉಳಿಯುವುದೇ ಅಷ್ಟು. ಆದ್ದರಿಂದ ಆ ಅಂಗಡಿಯಲ್ಲಿ ₹2,000ದ ಒಳಗಿನ ಬಿಲ್ಲನ್ನು ಮಾತ್ರ ಈ ಕಾರ್ಡಿನಲ್ಲಿ ಕಟ್ಟಿ, ದೊಡ್ಡದನ್ನು ಬ್ಯಾಂಕ್ ಖಾತೆಯಿಂದಲೇ ಕೊಡಿ. ವರ್ಷಗಟ್ಟಲೆ ಸಾಲ ಬರೆದುಕೊಂಡು ಸಾಮಾನು ಕೊಟ್ಟ ಅಂಗಡಿಗೆ ₹30ರ ಕ್ಯಾಶ್‌ಬ್ಯಾಕ್‌ಗಾಗಿ ಹೊರೆ ಹಾಕುವುದು ನ್ಯಾಯವೂ ಅಲ್ಲ.

ಸಣ್ಣ ಬಿಲ್ಲಿಗೆ ಅಂಗಡಿಯಿಂದ ಶುಲ್ಕ ಬಾರದ ಕಾರಣಕ್ಕೆ ಯುಪಿಐ ಮೂಲಕ ಹೋದ ಖರ್ಚಿಗೆ ಬ್ಯಾಂಕ್‌ಗಳು ಕೈ ಬಿಗಿ ಹಿಡಿಯುತ್ತವೆ. ಟಾಟಾ ನ್ಯೂ ಇನ್ಫಿನಿಟಿ ಎಚ್‌ಡಿಎಫ್‌ಸಿ ರುಪೇ ಕಾರ್ಡಿನಲ್ಲಿ ಟಾಟಾ ನ್ಯೂ ಆ್ಯಪ್‌ನ ಯುಪಿಐ ಮೂಲಕ ಕಟ್ಟಿದರೆ ಶೇ 1.5, ಬೇರೆ ಯುಪಿಐ ಆ್ಯಪ್‌ನಿಂದ ಕಟ್ಟಿದರೆ ಶೇ 0.5, ಎರಡೂ ಸೇರಿ ತಿಂಗಳಿಗೆ 500 ನ್ಯೂಕಾಯಿನ್‌ವರೆಗೆ (ಟಾಟಾ ಬಳಗದ ಪಾಯಿಂಟ್). ಒಂದೇ ಕಾರ್ಡ್, ಒಂದೇ ಅಂಗಡಿ, ಆ್ಯಪ್ ಬದಲಾದರೆ ಮೂರು ಪಟ್ಟು ವ್ಯತ್ಯಾಸ. ಇಂಥ ಷರತ್ತು ಕಾರ್ಡ್ ಮಾರುವವರು ಬಾಯಿಬಿಟ್ಟು ಹೇಳುವುದಿಲ್ಲ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ‘ನಗದು ಮಾತ್ರ’ ಎಂಬ ಚೀಟಿ ನೇತಾಡಿತು. ಕಿರಾಣಿ ಕ್ಯೂಆರ್ ಅನ್ನೇ ನಂಬಿ ಕಾರ್ಡ್ ಆರಿಸಬಾರದು ಎನ್ನಲು ಅದೂ ಒಂದು ಕಾರಣ.

ಹಾಲು, ಸೊಪ್ಪು, ತರಕಾರಿಯ ₹3,000ವನ್ನು ಈ ಲೆಕ್ಕದಿಂದ ಹೊರಗಿಡಿ. ನಂದಿನಿ ಬೂತಿನಲ್ಲಿ, ತಳ್ಳುಗಾಡಿಯಲ್ಲಿ ₹30, ₹50ರಂತೆ ಕೊಡುವ ಹಣಕ್ಕೆ ಕಾರ್ಡ್ ಹುಡುಕುವುದರಲ್ಲಿ ಅರ್ಥವಿಲ್ಲ.

ನಿಮ್ಮ ಮನೆಯ ಲೆಕ್ಕ

ಉಳಿದದ್ದು ಸೂಪರ್‌ಮಾರ್ಕೆಟ್‌ನ ₹6,000 ಮತ್ತು ಆ್ಯಪ್‌ನ ₹3,000. ಕಾರ್ಡ್ ಆರಿಸಬೇಕಾದ್ದು ಈ ₹9,000ಕ್ಕೆ. ವಾರ್ಷಿಕ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ ಬೀಳುತ್ತದೆ, ಆದ್ದರಿಂದ ₹500 ಎಂದರೆ ₹590, ₹999 ಎಂದರೆ ₹1,179 ಎಂದು ಓದಿ.

ದಿನಸಿಗೆಂದೇ ಲೆಕ್ಕ ಹಾಕಿದರೆ ಈ ಮೊತ್ತಕ್ಕೆ ಮೊದಲು ನೋಡಬೇಕಾದದ್ದು ಎಚ್‌ಎಸ್‌ಬಿಸಿಯ ಲೈವ್ ಪ್ಲಸ್. ದಿನಸಿ, ಹೋಟೆಲ್ ಮತ್ತು ಊಟ ತರಿಸುವ ಆ್ಯಪ್‌ಗಳಿಗೆ ಶೇ 10, ಮೂರೂ ಸೇರಿ ತಿಂಗಳಿಗೆ ₹1,000ವರೆಗೆ. ಉಳಿದ ಖರ್ಚಿಗೆ ಶೇ 1.5. ಶುಲ್ಕ ₹999, ವರ್ಷಕ್ಕೆ ₹2 ಲಕ್ಷ ಖರ್ಚು ಮಾಡಿದರೆ ಮನ್ನಾ. ನಿಮ್ಮ ಎರಡೂ ಜಾಗ 5411 ಆಗಿದ್ದರೆ ತಿಂಗಳಿಗೆ ₹900, ವರ್ಷಕ್ಕೆ ₹10,800. ಶುಲ್ಕ ಕಳೆದರೆ ಸುಮಾರು ₹9,600. ಇಲ್ಲಿ ಲೆಕ್ಕ ಹಾಕಿದ ಬೇರೆ ಯಾವ ಕಾರ್ಡೂ ಈ ಮೊತ್ತದ ಹತ್ತಿರ ಬರುವುದಿಲ್ಲ. ಎರಡು ಎಚ್ಚರಿಕೆ. ಮಿತಿ ಮೂರಕ್ಕೂ ಸೇರಿ ಒಂದೇ, ಹಾಗಾಗಿ ತಿಂಗಳಿಗೆ ₹3,000 ಹೋಟೆಲಿಗೂ ಹೋದರೆ ಅದರಲ್ಲಿ ₹1,000ಕ್ಕೆ ಮಾತ್ರ ಶೇ 10 ಸಿಗುತ್ತದೆ. ಎರಡನೆಯದು, ಈ ಬ್ಯಾಂಕ್ ಆಯ್ದ ನಗರಗಳಲ್ಲಿ ಮಾತ್ರ ಕಾರ್ಡ್ ಕೊಡುತ್ತದೆ. ಬೆಂಗಳೂರು ಆ ಪಟ್ಟಿಯಲ್ಲಿದೆ, ಆದರೆ ಇದನ್ನು ಓದುತ್ತಿರುವ ಚಿಕ್ಕ ಊರಿನವರಿಗೆ ಇದು ಸಿಗುವುದು ಕಷ್ಟ. ಇದು ರುಪೇ ಅಲ್ಲ, ಕಿರಾಣಿ ಕ್ಯೂಆರ್‌ಗೆ ಆಗುವುದಿಲ್ಲ.

ಆ್ಯಪ್‌ನ ₹3,000 ಪೂರ್ತಿ ಸ್ವಿಗ್ಗಿಯ ದಿನಸಿ ಸೇವೆಯಾದ ಇನ್‌ಸ್ಟಾಮಾರ್ಟ್‌ಗೇ ಹೋಗುತ್ತಿದ್ದರೆ 2023ರ ಜುಲೈನಲ್ಲಿ ಬಂದ ಸ್ವಿಗ್ಗಿ ಎಚ್‌ಡಿಎಫ್‌ಸಿ ಕಾರ್ಡ್ ಹೊಂದುತ್ತದೆ. ಸ್ವಿಗ್ಗಿಯೊಳಗೆ ಶೇ 10 ಅಂದರೆ ₹300, ಸೂಪರ್‌ಮಾರ್ಕೆಟ್‌ಗೆ ಶೇ 1 ಅಂದರೆ ₹60. ವರ್ಷಕ್ಕೆ ₹4,320, ಶುಲ್ಕ ₹590 ಕಳೆದರೆ ₹3,730. ಆದರೆ ಇದು ನಿಮ್ಮನ್ನು ಒಂದೇ ಆ್ಯಪ್‌ಗೆ ಕಟ್ಟಿಹಾಕುತ್ತದೆ. ಪಕ್ಕದ ಆ್ಯಪ್‌ನಲ್ಲಿ ಅದೇ ಎಣ್ಣೆ ₹40 ಕಡಿಮೆಗೆ ಇದ್ದರೂ ಕೈ ಇಲ್ಲಿಗೇ ಬರುತ್ತದೆ. ಡೆಲಿವರಿ, ಹ್ಯಾಂಡ್ಲಿಂಗ್, ಚಿಕ್ಕ ಆರ್ಡರ್ ಶುಲ್ಕ ಸೇರಿದ ಮೇಲಿನ ಒಟ್ಟು ಮೊತ್ತವನ್ನೇ ಹೋಲಿಸಬೇಕು. ₹250ರ ಆರ್ಡರ್‌ಗೆ ₹25 ಕ್ಯಾಶ್‌ಬ್ಯಾಕ್ ಬಂದು ಶುಲ್ಕಗಳು ₹40 ಆದರೆ ನಿಮಗೆ ಉಳಿದದ್ದೇನೂ ಇಲ್ಲ.

ಎಸ್‌ಬಿಐನ ಕ್ಯಾಶ್‌ಬ್ಯಾಕ್ ಕಾರ್ಡ್ ಆನ್‌ಲೈನ್ ಖರೀದಿಗೆ ಅಂಗಡಿಯ ಹಂಗಿಲ್ಲದೆ ಶೇ 5, ಅಂಗಡಿಯಲ್ಲಿ ಉಜ್ಜಿದರೆ ಶೇ 1 ಕೊಡುತ್ತದೆ. ಈಗಿನ ನಿಮ್ಮ ಅಭ್ಯಾಸಕ್ಕೆ ತಿಂಗಳಿಗೆ ₹150 ಮತ್ತು ₹60, ವರ್ಷಕ್ಕೆ ₹2,520. ₹999 ಶುಲ್ಕ ಜಿಎಸ್‌ಟಿ ಸಹಿತ ಕಳೆದರೆ ₹1,341 ಮಾತ್ರ. ಸೂಪರ್‌ಮಾರ್ಕೆಟ್‌ನ ₹6,000ವನ್ನೂ ಬಿಗ್‌ಬಾಸ್ಕೆಟ್‌ಗೋ ಡಿಮಾರ್ಟ್ ರೆಡಿಗೋ ಸಾಗಿಸುವ ಮನಸ್ಸಿದ್ದರೆ ₹5,400, ನಿವ್ವಳ ₹4,221. ಕಾಲು ನೋವಿನಿಂದ ಅಂಗಡಿಗೆ ಹೋಗಲಾಗದ ಹಿರಿಯರ ಮನೆಗೆ, ಎಲ್ಲವನ್ನೂ ಆನ್‌ಲೈನ್ ತರಿಸುವವರಿಗೆ ಇದು ಸರಿಯಾದ ಕಾರ್ಡ್.

ಟಾಟಾ ನ್ಯೂ ಇನ್ಫಿನಿಟಿ ಬಿಗ್‌ಬಾಸ್ಕೆಟ್‌ಗೆ ಶೇ 5, ಬೇರೆ ಕಡೆ ಶೇ 1.5. ಮೂರು ದಾರಿಯಲ್ಲೂ ಕೆಲಸ ಮಾಡುವ ಏಕೈಕ ಕಾರ್ಡ್ ಈ ಪಟ್ಟಿಯಲ್ಲಿ ಇದು: ತಿಂಗಳಿಗೆ ಬಿಗ್‌ಬಾಸ್ಕೆಟ್‌ಗೆ ₹150, ಸೂಪರ್‌ಮಾರ್ಕೆಟ್‌ಗೆ ₹90, ಕಿರಾಣಿಗೆ ₹45, ಒಟ್ಟು ₹285. ವರ್ಷಕ್ಕೆ ₹3,420. ಆದರೆ ಶುಲ್ಕ ₹1,499, ಜಿಎಸ್‌ಟಿ ಸೇರಿ ₹1,769. ಮನ್ನಾಕ್ಕೆ ₹3 ಲಕ್ಷ ಖರ್ಚು ಬೇಕು. ಬರುವುದು ನ್ಯೂಕಾಯಿನ್, ಟಾಟಾ ಬಳಗದ ಮಳಿಗೆಗಳಲ್ಲೇ ಖರ್ಚಾಗಬೇಕು. ಬಿಗ್‌ಬಾಸ್ಕೆಟ್ ಬಿಟ್ಟು ಬೇರೆ ಕಡೆ ಕೊಳ್ಳದ ಮನೆಗೆ ಮಾತ್ರ ಇದನ್ನು ಹೇಳುತ್ತೇನೆ.

ಕೊನೆಗೆ ಅಮೆಜಾನ್ ಪೇ ಐಸಿಐಸಿಐ. ವಾರ್ಷಿಕ ಶುಲ್ಕವೇ ಇಲ್ಲ. ಅಮೆಜಾನ್‌ನಲ್ಲಿ ಪ್ರೈಮ್ ಸದಸ್ಯರಿಗೆ ಶೇ 5, ಇಲ್ಲದವರಿಗೆ ಶೇ 3, ಬೇರೆ ಕಡೆ ಶೇ 1. ಆ್ಯಪ್‌ನ ₹3,000ವನ್ನು ಅಮೆಜಾನ್‌ಗೆ ಬದಲಿಸಿದರೆ ಪ್ರೈಮ್ ಇರುವವರಿಗೆ ವರ್ಷಕ್ಕೆ ₹2,520, ಇಲ್ಲದವರಿಗೆ ₹1,800. ದಿನಸಿಯ ಕ್ಯಾಶ್‌ಬ್ಯಾಕ್‌ಗಾಗಿಯೇ ಪ್ರೈಮ್ ತೆಗೆದುಕೊಳ್ಳಬೇಡಿ.

ಇದುವರೆಗೆ ಕಾರ್ಡ್ ಇಲ್ಲದ ಮನೆಗೆ ನನ್ನ ಸಲಹೆ ಹೀಗೆ. ಮೊದಲು ಶುಲ್ಕವಿಲ್ಲದ ಕಾರ್ಡೊಂದನ್ನು ತೆಗೆದುಕೊಂಡು ಆರು ತಿಂಗಳು ಪೂರ್ತಿ ಬಿಲ್ಲು ತಪ್ಪದೆ ಕಟ್ಟಿ. ಸಾಲದ ಇತಿಹಾಸವೇ ಇಲ್ಲದವರ ಅರ್ಜಿಯನ್ನು ಒಳ್ಳೆಯ ಕಾರ್ಡ್‌ಗಳು ತಿರಸ್ಕರಿಸುವುದು ಸಾಮಾನ್ಯ, ಪ್ರತಿ ಅರ್ಜಿಯೂ ಕ್ರೆಡಿಟ್ ವರದಿಯಲ್ಲಿ ವಿಚಾರಣೆಯಾಗಿ ದಾಖಲಾಗುತ್ತದೆ. ಒಂದೇ ವಾರ ನಾಲ್ಕು ಕಡೆ ಅರ್ಜಿ ಹಾಕಬೇಡಿ. ಶುಲ್ಕವಿಲ್ಲದ ಕಾರ್ಡೂ ಸಿಗದಿದ್ದರೆ ಫಿಕ್ಸೆಡ್ ಡೆಪಾಸಿಟ್ ಮೇಲೆ ಕೊಡುವ ಕಾರ್ಡ್ ಕೇಳಿ. ಆರು ತಿಂಗಳ ಬಳಿಕ ಲೈವ್ ಪ್ಲಸ್‌ಗೆ ಅರ್ಜಿ ಹಾಕಿ. ಕಿರಾಣಿಯ ₹3,000ಕ್ಕಾಗಿ ಮೂರನೆಯ ಕಾರ್ಡ್ ಬೇಡ. ಅದರಿಂದ ಬರುವ ವರ್ಷದ ₹500ಕ್ಕೆ ಇನ್ನೊಂದು ಡ್ಯೂ ಡೇಟ್ (ಬಿಲ್ಲು ಕಟ್ಟಲು ಕೊನೆಯ ದಿನ) ನೆನಪಿಡುವ ತಾಪತ್ರಯ ಸೇರುತ್ತದೆ.

ಒಂದು ತಿಂಗಳ ತಪ್ಪಿನ ಬೆಲೆ

ಮೇಲಿನ ಲೆಕ್ಕವೆಲ್ಲ ನಿಂತಿರುವುದು ಬಿಲ್ಲನ್ನು ಪ್ರತಿ ತಿಂಗಳು ಪೂರ್ತಿ ಕಟ್ಟುತ್ತೀರಿ ಎಂಬ ಒಂದೇ ನಂಬಿಕೆಯ ಮೇಲೆ. ಹೆಚ್ಚಿನ ಕಾರ್ಡ್‌ಗಳ ಬಡ್ಡಿ ತಿಂಗಳಿಗೆ ಶೇ 3.5ರಿಂದ 3.75, ವರ್ಷಕ್ಕೆ ಶೇ 42ರಿಂದ 45. ಬಡ್ಡಿಯ ಮೇಲೆ ಮತ್ತೆ ಶೇ 18 ಜಿಎಸ್‌ಟಿ. ಜನ ತಪ್ಪು ತಿಳಿಯುವುದು ಬಡ್ಡಿ ಎಷ್ಟು ಎಂಬುದರಲ್ಲಲ್ಲ, ಯಾವುದರ ಮೇಲೆ ಎಂಬುದರಲ್ಲಿ. ₹14,000 ಬಿಲ್ಲು ಬಂದಿದೆ, ಡ್ಯೂ ಡೇಟಿಗೆ ₹13,000 ಕಟ್ಟಿದಿರಿ ಎನ್ನಿ. ಉಳಿದ ₹1,000ಕ್ಕೆ ಮಾತ್ರ ಬಡ್ಡಿ ಎಂದುಕೊಳ್ಳುತ್ತೇವೆ. ಹಾಗಲ್ಲ. ಪೂರ್ತಿ ಕಟ್ಟದಿದ್ದರೆ ಬಡ್ಡಿರಹಿತ ಅವಧಿಯೇ ರದ್ದಾಗುತ್ತದೆ. ನೀವು ಹಣ ಕಟ್ಟುವ ದಿನದವರೆಗೆ ಪೂರ್ತಿ ₹14,000ಕ್ಕೂ, ಒಂದೊಂದು ಸಾಮಾನು ಕೊಂಡ ದಿನದಿಂದಲೇ ಬಡ್ಡಿ ಬೀಳುತ್ತದೆ. ಸರಾಸರಿ 35 ದಿನ ಎಂದು ಹಿಡಿದರೆ ಶೇ 45ರ ದರದಲ್ಲಿ ಅದು ಸುಮಾರು ₹600, ಜಿಎಸ್‌ಟಿ ಸೇರಿ ₹700ಕ್ಕೂ ಹೆಚ್ಚು. ಜೊತೆಗೆ ಬಾಕಿ ತೀರುವವರೆಗೆ ಹೊಸದಾಗಿ ಕೊಂಡ ಸಾಮಾನಿಗೂ ಕೊಂಡ ದಿನದಿಂದಲೇ ಬಡ್ಡಿ. ಶೇ 1–2 ಕೊಡುವ ಕಾರ್ಡಿನಲ್ಲಿ ಎರಡೂವರೆಯಿಂದ ಐದು ತಿಂಗಳ ಕ್ಯಾಶ್‌ಬ್ಯಾಕ್ ಒಂದೇ ಸಲಕ್ಕೆ ಹೋಯಿತು.

ಇದನ್ನು ತಪ್ಪಿಸಲು ಕಾರ್ಡ್ ಬಂದ ವಾರದಲ್ಲೇ ಎರಡು ಕೆಲಸ ಮಾಡಿ. ಸಂಬಳದ ಖಾತೆಯಿಂದ ಆಟೋಪೇ ಹಾಕಿ, ಅರ್ಜಿಯಲ್ಲಿ ‘ಟೋಟಲ್ ಅಮೌಂಟ್ ಡ್ಯೂ’ ಎಂಬುದನ್ನೇ ಆರಿಸಿ. ಪಕ್ಕದಲ್ಲೇ ಇರುವ ‘ಮಿನಿಮಮ್ ಅಮೌಂಟ್ ಡ್ಯೂ’ ಆರಿಸಿದರೆ ಪ್ರತಿ ತಿಂಗಳೂ ಬಡ್ಡಿ ಕಟ್ಟುವ ವ್ಯವಸ್ಥೆಯನ್ನು ನೀವೇ ಮಾಡಿಕೊಂಡಂತಾಗುತ್ತದೆ. ಎರಡನೆಯದು ಬಿಲ್ಲಿಂಗ್ ತಾರೀಖು. ರಿಸರ್ವ್ ಬ್ಯಾಂಕಿನ ನಿಯಮದಂತೆ ಅದನ್ನು ಒಂದು ಸಲವಾದರೂ ಬದಲಿಸಿಕೊಳ್ಳುವ ಹಕ್ಕು ನಿಮಗಿದೆ. ಸಂಬಳ 1ನೇ ತಾರೀಖು ಬರುವುದಾದರೆ ಬಿಲ್ಲಿಂಗ್ 15ರ ಸುಮಾರಿಗೆ ಇರಲಿ. ಡ್ಯೂ ಡೇಟ್ ಮುಂದಿನ ತಿಂಗಳ 4–5ಕ್ಕೆ ಬರುತ್ತದೆ, ಖಾತೆಯಲ್ಲಿ ಹಣ ಇರುತ್ತದೆ. ತಿಂಗಳ ದೊಡ್ಡ ದಿನಸಿಯನ್ನು 16–17ನೇ ತಾರೀಖಿಗೆ ತಂದರೆ ಕಟ್ಟಲು ಸುಮಾರು 50 ದಿನ ಸಿಗುತ್ತದೆ. ಡ್ಯೂ ಡೇಟ್ ಮರೆತರೆ ತಡಪಾವತಿ ಶುಲ್ಕ ಹಾಕುವ ಮೊದಲು ಬ್ಯಾಂಕ್ ಮೂರು ದಿನ ಕಾಯಬೇಕೆಂಬ ನಿಯಮವಿದೆ, ಆ ಮೂರು ದಿನದೊಳಗೆ ಕಟ್ಟಿಬಿಡಿ.

ಬಿಲ್ಲಿನ ಜೊತೆ ‘ಇಎಂಐ ಮಾಡಿಕೊಡುತ್ತೇವೆ’ ಎಂಬ ಕರೆ ಬರುತ್ತದೆ. ತಿಂದು ಮುಗಿದ ಅಕ್ಕಿಗೆ ಕಂತು ಕಟ್ಟಬೇಡಿ.

ಹೊಸ ಕಾರ್ಡ್ ಮೊದಲ ದಿನ ಆ್ಯಪ್‌ನಲ್ಲಿ ಕೆಲಸ ಮಾಡದಿದ್ದರೆ ಗಾಬರಿ ಬೇಡ. ಆನ್‌ಲೈನ್ ಮತ್ತು ಟ್ಯಾಪ್ ಸೌಲಭ್ಯಗಳು ಹೊಸ ಕಾರ್ಡಿನಲ್ಲಿ ಮುಚ್ಚಿರುತ್ತವೆ, ಬ್ಯಾಂಕಿನ ಆ್ಯಪ್‌ನಲ್ಲಿ ನೀವೇ ತೆರೆಯಬೇಕು. ಪಿನ್ ಇಲ್ಲದೆ ಟ್ಯಾಪ್ ಮಾಡುವ ಮಿತಿ ₹5,000. ಮನೆಮಂದಿಯೆಲ್ಲ ಒಂದೇ ಕಾರ್ಡ್ ಒಯ್ಯುವುದಾದರೆ ಇದನ್ನು ₹1,000–2,000ಕ್ಕೆ ಇಳಿಸಿಡಿ, ಕಳೆದುಹೋದರೆ ನಷ್ಟ ಕಡಿಮೆ. ದಿನಸಿ ಆ್ಯಪ್‌ನ ವಾಲೆಟ್‌ಗೆ ಮೊದಲೇ ಹಣ ತುಂಬಿಡುವ ಅಭ್ಯಾಸವಿದ್ದರೆ ಬಿಡಿ. ವಾಲೆಟ್ ತುಂಬುವುದಕ್ಕೆ ಬೇರೆಯದೇ ವರ್ಗಸಂಖ್ಯೆ ಇದೆ, 6540. ಹೆಚ್ಚಿನ ಕಾರ್ಡ್‌ಗಳು ಅದಕ್ಕೆ ಏನೂ ಕೊಡುವುದಿಲ್ಲ. ಆರ್ಡರ್ ಮಾಡುವಾಗ ನೇರ ಕಾರ್ಡಿನಿಂದಲೇ ಕಟ್ಟಿ.

ಕೆಲವು ಅಂಗಡಿಗಳಲ್ಲಿ ‘ಕಾರ್ಡಾದರೆ ಶೇ 2 ಹೆಚ್ಚು’ ಎನ್ನುತ್ತಾರೆ. ನಿಮ್ಮ ಕಾರ್ಡ್ ಅಲ್ಲಿ ಕೊಡುವುದು ಶೇ 1 ಆದರೆ ನೂರಕ್ಕೆ ಒಂದು ರೂಪಾಯಿ ಕೈಯಿಂದ ಹೋಗುತ್ತದೆ. ಬ್ಯಾಂಕ್ ಖಾತೆಯ ಯುಪಿಐನಿಂದ ಕೊಟ್ಟುಬಿಡಿ. ಇನ್ನೂ ದೊಡ್ಡ ವ್ಯತ್ಯಾಸ ಬೆಲೆಯಲ್ಲೇ ಇದೆ. ಸೋನಾ ಮಸೂರಿ ಕೆಜಿಗೆ ₹3 ಕಡಿಮೆ ಇರುವ ಮಂಡಿಯಿಂದ 26 ಕೆಜಿ ಮೂಟೆ ತಂದರೆ ₹78 ಉಳಿಯಿತು. ₹1,500ರ ಮೂಟೆಗೆ ಅಷ್ಟು ಕ್ಯಾಶ್‌ಬ್ಯಾಕ್ ಬರಬೇಕಾದರೆ ಕಾರ್ಡ್ ಶೇ 5ಕ್ಕಿಂತ ಹೆಚ್ಚು ಕೊಡಬೇಕು. 26 ಕೆಜಿ ಎಂಬ ಈ ವಿಚಿತ್ರ ಅಳತೆಗೂ ಕಾರಣವಿದೆ: 2022ರ ಜುಲೈ 18ರಿಂದ 25 ಕೆಜಿವರೆಗಿನ ಲೇಬಲ್ ಹಚ್ಚಿದ ಅಕ್ಕಿ ಚೀಲಕ್ಕೆ ಶೇ 5 ಜಿಎಸ್‌ಟಿ ಬಂತು, ಗಿರಣಿಯವರು ಒಂದು ಕೆಜಿ ಹೆಚ್ಚು ತುಂಬಿದರು. ಅಕ್ಕಿ, ಬೇಳೆಯ ಮಟ್ಟಿಗೆ ಬೆಲೆಯ ಹಿಂದೆ ಹೋಗಿ. ಸೋಪು, ಟೀ ಪುಡಿ, ಬಿಸ್ಕತ್ತು, ಬ್ರಾಂಡೆಡ್ ಎಣ್ಣೆಯಂಥವನ್ನು ಕಾರ್ಡಿಗೆ ಒಗ್ಗುವ ಜಾಗದಲ್ಲಿ ಕೊಳ್ಳಿ.

ಬರಬೇಕಾದ ಕ್ಯಾಶ್‌ಬ್ಯಾಕ್ ಬಾರದಿದ್ದರೆ ಅಂಗಡಿಯ ಹೆಸರು, ತಾರೀಖು, ಮೊತ್ತ ಬರೆದು ಬ್ಯಾಂಕಿಗೆ ಲಿಖಿತ ದೂರು ಕೊಡಿ. ಫೋನಿನಲ್ಲಿ ಹೇಳಿದ್ದಕ್ಕೆ ದಾಖಲೆ ಉಳಿಯುವುದಿಲ್ಲ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಸರಿ ಎನಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಅದರ ದೂರು ಜಾಲತಾಣವಾದ ಸಿಎಂಎಸ್ ಪೋರ್ಟಲ್‌ನಲ್ಲಿ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ವರ್ಗಸಂಖ್ಯೆ ಬೇರೆ ಎಂಬ ಕಾರಣಕ್ಕೆ ಬಾರದೇ ಇದ್ದರೆ ಮಾತ್ರ ದೂರಿನಿಂದ ಪ್ರಯೋಜನ ಕಡಿಮೆ. ಅಂಗಡಿ ಬದಲಿಸುವುದೇ ದಾರಿ.

ಕಾರ್ಡ್‌ಗಳ ಷರತ್ತು ಪ್ರತಿ ವರ್ಷ ಬದಲಾಗುತ್ತವೆ. ಈ ಅಂಕಿಗಳನ್ನು ಅರ್ಜಿ ಹಾಕುವ ದಿನ ಬ್ಯಾಂಕಿನ ‘ಮೋಸ್ಟ್ ಇಂಪಾರ್ಟೆಂಟ್ ಟರ್ಮ್ಸ್’ ಕಡತದೊಂದಿಗೆ ಹೋಲಿಸಿ ನೋಡಿ. ಕಾರ್ಡ್ ಬಂದ ಮೇಲೆ ಶುಲ್ಕ ಬದಲಿಸುವುದಾದರೆ ಬ್ಯಾಂಕ್ ಒಂದು ತಿಂಗಳು ಮೊದಲೇ ತಿಳಿಸಬೇಕು, ಅದು ಒಪ್ಪಿಗೆಯಾಗದಿದ್ದರೆ ಹೆಚ್ಚುವರಿ ಶುಲ್ಕವಿಲ್ಲದೆ ಕಾರ್ಡ್ ಮುಚ್ಚಲು ಬಿಡಬೇಕು. ಬಾಕಿ ತೀರಿಸಿ ಮುಚ್ಚಲು ಕೇಳಿದ ಮೇಲೆ ಏಳು ಕೆಲಸದ ದಿನದೊಳಗೆ ಮುಚ್ಚದಿದ್ದರೆ ದಿನಕ್ಕೆ ₹500 ನಿಮಗೆ ಕೊಡಬೇಕಾಗುತ್ತದೆ. ಮುಚ್ಚುವ ಅರ್ಜಿ ಕೊಡುವ ಮೊದಲು ಉಳಿದಿರುವ ಪಾಯಿಂಟ್‌ಗಳನ್ನು ಬಳಸಿಕೊಳ್ಳಿ. ಕಾರ್ಡ್ ಮುಚ್ಚಿದ ಮೇಲೆ ಅವನ್ನು ಸಾಮಾನ್ಯವಾಗಿ ವಾಪಸ್ ಕೊಡುವುದಿಲ್ಲ.